ಎಂಟು ಜನ ಮಾಡುತ್ತಿದ್ದ ಕುಸ್ವಾರ್‌ಗೆ ನಾನೊಬ್ಬಳೇ ಕೈ ಹಾಕಿದ್ದು

2023ರಲ್ಲಿ ಡಿಸೆಂಬರ್ 24 ಭಾನುವಾರ ಬಂದಿತ್ತು. ಬೆಳಿಗ್ಗೆ ಆಗಮನ ಕಾಲದ ನಾಲ್ಕನೇ ಭಾನುವಾರದ ಪೂಜೆ, ರಾತ್ರಿ ಕ್ರಿಸ್ಮಸ್ ಪೂಜೆ, ಒಂದೇ ದಿನ ಎರಡು ಸಲ ಚರ್ಚು. ನಡುವಿನ ಹೊತ್ತಿನಲ್ಲಿ ನಾನು ಬಾಣಲೆ ಮುಂದೆ ನಿಂತು ರೋಸ್ ಕುಕ್ಕೀಸ್ ಕರಿಯುತ್ತಿದ್ದೆ. ರಾತ್ರಿ ಗ್ಲೋರಿಯಾ ಹಾಡುವಾಗ ಗಂಟೆಗಳನ್ನೆಲ್ಲ ಬಾರಿಸಿದರೂ ನನಗೆ ಎಚ್ಚರವಾಗಲಿಲ್ಲ. ಮಗಳು ಮೊಣಕೈಯಲ್ಲಿ ತಿವಿದಳು. ಕಣ್ಣು ಬಿಟ್ಟರೆ ಚರ್ಚಿಗೆ ಚರ್ಚೇ ಎದ್ದು ನಿಂತಿದೆ, ನಾನೊಬ್ಬಳೇ ಬೆಂಚಿಗೆ ಒರಗಿ ಕೂತಿದ್ದೇನೆ, ಹೊಸ ಸೀರೆಯಲ್ಲಿ ಎಣ್ಣೆ ವಾಸನೆ.

ಆ ವರ್ಷ ಏನೇನು ಮಾಡಿದ್ದೆ ಅಂತ ಈಗ ನೆನೆದರೆ ನಗು ಬರುತ್ತದೆ. ನಾವು ಮಂಗಳೂರು ಕಡೆಯ ಕಥೋಲಿಕರು, ಬೆಂಗಳೂರಿಗೆ ಬಂದು ಹದಿನಾರು ವರ್ಷ ಆಯಿತು. ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ನಮ್ಮಲ್ಲಿ ಕುಸ್ವಾರ್ ಅನ್ನುತ್ತಾರೆ. ನೆವ್ರಿ (ಕರ್ಜಿಕಾಯಿ ಅಂದರೆ ನಿಮಗೆ ಬೇಗ ಗೊತ್ತಾಗುತ್ತದೆ), ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕ್ಕೀಸ್, ಎಳ್ಳುಂಡೆ, ಇನ್ನೂ ಏನೇನೋ. ಒಟ್ಟು ಹನ್ನೊಂದು ಬಗೆ. ಜೊತೆಗೆ ಆರು ಕಿಲೋ ಪ್ಲಮ್ ಕೇಕ್. ಆ ವರ್ಷ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಟ್ಟು ಮಾಡುವುದು) ನೀರು ಹರಿಯುವ ಕೊಳ ಬೇರೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚಿಯೊ ಊರಲ್ಲಿ 1223ರಲ್ಲಿ ಗೋದಲಿ ಮಾಡಿ ಅವತ್ತಿಗೆ ಸರಿಯಾಗಿ 800 ವರ್ಷ, ಅದಕ್ಕೆ ನಮ್ಮದೂ ದೊಡ್ಡದಾಗಿರಲಿ ಅಂತ ಗಂಡನ ಹಟ. ಫ್ರಾನ್ಸಿಸರು ಅಂದು ಇಟ್ಟಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಪಂಪ್ ಸೆಟ್ ಇಟ್ಟಿರಲಿಲ್ಲ ಅಂತ ನಾನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಕ್ರಿಸ್ಮಸ್ ಮುಗಿದ ಮೇಲೆ ಅತ್ತೆ ಊರಿಂದ ಬಂದರು. ಅಡುಗೆಮನೆಯಲ್ಲಿ ಡಬ್ಬಗಳ ಸಾಲು ನೋಡಿ, ಒಂದೊಂದರ ಮುಚ್ಚಳ ತೆಗೆದು ಮೂಸಿ, ನನ್ನ ಕೈಮೇಲಿನ ಎಣ್ಣೆ ಸುಟ್ಟ ಕಲೆ ನೋಡಿ, "ಇಷ್ಟೆಲ್ಲ ಯಾರಿಗೆ ಮಾಡಿದ್ದು?" ಅಂದರು. ನೀವು ಪ್ರತಿ ವರ್ಷ ಮಾಡುತ್ತಿದ್ದಿರಲ್ಲ ಅತ್ತೆ, ಅದಕ್ಕೇ ಅಂದೆ. "ನಾನು ಒಬ್ಬಳೇ ಎಲ್ಲಿ ಮಾಡಿದ್ದು ಮಾರಾಯ್ತಿ? ನಾವು ಎಂಟು ಹೆಂಗಸರು ಇದ್ದೆವು."

ಅಷ್ಟೇ ಹೇಳಿ ಎಳ್ಳುಂಡೆ ತಿನ್ನುತ್ತಾ ಕೂತರು. ನನಗೆ ಮಾತ್ರ ಆ ಎಂಟು ತಲೆಯಿಂದ ಹೋಗಲಿಲ್ಲ. ಅವರ ಮನೆಯಲ್ಲಿ ಓರಗಿತ್ತಿಯರು, ನಾದಿನಿಯರು, ಜೊತೆಗೆ ಪಕ್ಕದ ಮನೆಯವರು. ಇವತ್ತು ಇವರ ಮನೆ ನೆವ್ರಿ, ನಾಳೆ ಅವರ ಮನೆ ಚಕ್ಕುಲಿ. ಒಬ್ಬರು ಲಟ್ಟಿಸಿದರೆ ಇನ್ನೊಬ್ಬರು ಹೂರಣ ತುಂಬಿ, ಮತ್ತೊಬ್ಬರು ಅಂಚು ಕತ್ತರಿಸಿ, ಒಬ್ಬರು ಕರಿಯಲು. ಹದಿನಾರು ಕೈ ಮಾಡಿದ್ದನ್ನು ನಾನು ಎರಡು ಕೈಯಲ್ಲಿ, ಅದೂ ಆಫೀಸಿನಿಂದ ಏಳು ಗಂಟೆಗೆ ಬಂದ ಮೇಲೆ ಮಾಡಲು ಹೊರಟಿದ್ದೆ. ತಿಂಡಿಗಳ ಹೆಸರೆಲ್ಲ ಬಾಯಿಪಾಠ ಇತ್ತು, ಅವನ್ನು ಮಾಡಿದವರ ಲೆಕ್ಕ ಮರೆತೇ ಹೋಗಿತ್ತು.

2024ರಲ್ಲಿ ಮೊದಲು ಕೈ ಎಣಿಸಿದೆ. ನಾನು, ಗಂಡ, ಮಗಳು, ಮಗ. ಮಗನಿಗೆ ಆರು ವರ್ಷ, ಅವನದು ಅರ್ಧ ಕೈ ಅಂತಿಟ್ಟುಕೊಳ್ಳಿ. ಇಷ್ಟು ಜನಕ್ಕೆ ಎರಡೇ ತಿಂಡಿ ಅಂತ ತೀರ್ಮಾನ ಆಯಿತು. ಕಿಡಿಯೊ ಬಿಡುವ ಹಾಗೇ ಇಲ್ಲ. ಕೊಂಕಣಿಯಲ್ಲಿ ಕಿಡಿ ಅಂದರೆ ಹುಳು. ಮೈದಾ ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಹಿಂಭಾಗಕ್ಕೆ ಒತ್ತಿ ಸುರುಳಿ ಸುತ್ತಿದರೆ ಗೆರೆ ಗೆರೆಯ ಹುಳುವಿನ ಹಾಗೆ ಆಗುತ್ತದೆ, ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಒಬ್ಬರೇ ಕೂತರೆ ಇದರಷ್ಟು ಬೇಜಾರಿನ ಕೆಲಸ ಬೇರೆ ಇಲ್ಲ, ನಾಲ್ಕು ಜನ ಮೇಜಿನ ಸುತ್ತ ಕೂತರೆ ಒಂದು ಕಿಲೋ ಹಿಟ್ಟು ಹರಟೆಯಲ್ಲೇ ಮುಗಿಯುತ್ತದೆ. ಮಗ ಮಾಡಿದ ಹುಳುಗಳು ನಿಜವಾಗಿಯೂ ಹುಳುಗಳ ಹಾಗೇ ಇರುತ್ತವೆ, ಅವನ್ನೂ ಕರಿಯುತ್ತೇವೆ. ಇನ್ನೊಂದು ರೋಸ್ ಕುಕ್ಕೀಸ್.

ನೆವ್ರಿ ನಾದಿನಿ ಮಾಡುತ್ತಾಳೆ. ಅವಳು ಇರುವುದು ಇದೇ ಊರಲ್ಲಿ, ಆದರೂ ಇಷ್ಟು ವರ್ಷ ಇಬ್ಬರೂ ಬೇರೆ ಬೇರೆ ಹನ್ನೊಂದು ಬಗೆ ಮಾಡಿ ಒಬ್ಬರಿಗೊಬ್ಬರು ಅದೇ ತಿಂಡಿ ಕೊಟ್ಟುಕೊಳ್ಳುತ್ತಿದ್ದೆವು! ಈಗ ನನ್ನ ಕಿಡಿಯೊ ಅರ್ಧ ಅವಳಿಗೆ, ಅವಳ ನೆವ್ರಿ ಅರ್ಧ ನನಗೆ. ಚಕ್ಕುಲಿ ಅಂಗಡಿಯದ್ದು. ಇದನ್ನು ಅತ್ತೆಗೆ ಹೇಳುವುದು ಹೇಗೆ ಅಂತ ಒಂದು ವಾರ ಯೋಚಿಸಿದ್ದೆ. ತಿಂದು ನೋಡಿ "ಉಪ್ಪು ಸ್ವಲ್ಪ ಜಾಸ್ತಿ" ಅಂದರು, ಇನ್ನೆರಡು ತೆಗೆದುಕೊಂಡರು.

ನೆರೆಮನೆಗಳ ತಟ್ಟೆ ಮಾತ್ರ ಕಡಿಮೆ ಮಾಡಲಿಲ್ಲ. ಯುಗಾದಿಗೆ ಒಬ್ಬಟ್ಟು, ರಂಜಾನಿಗೆ ಬಿರಿಯಾನಿ ಕಳಿಸುವ ಮನೆಗಳಿಗೆ ಡಿಸೆಂಬರಿನಲ್ಲಿ ನಮ್ಮಿಂದ ಏನೂ ಹೋಗದಿದ್ದರೆ ಹೇಗೆ? ಆದರೆ ತಟ್ಟೆ ಚಿಕ್ಕದಾಗಿದೆ. ಮೊದಲು ಹನ್ನೊಂದು ಬಗೆ ತುಂಬಿ ಮೇಲೆ ಕೇಕ್ ಇಡುತ್ತಿದ್ದೆ. ಈಗ ನಾಲ್ಕು ಬಗೆ, ಆದರೆ ಪ್ರತಿಯೊಂದೂ ಒಂದು ಹಿಡಿ. ಮೊಟ್ಟೆ ತಿನ್ನದ ಮನೆಗಳಿಗೆ ಕೇಕ್ ಕಳಿಸುವುದಿಲ್ಲ, ಕಿಡಿಯೊ ಹಿಟ್ಟನ್ನು ತೆಂಗಿನ ಹಾಲಿನಲ್ಲೇ ಕಲಸುತ್ತೇನೆ. ಹೊಸ ಎಣ್ಣೆಯಲ್ಲಿ ಮೊದಲು ಅದನ್ನು ಕರಿದು ಬೇರೆ ಡಬ್ಬಕ್ಕೆ ಹಾಕಿಟ್ಟು, ಆಮೇಲೆ ಮೊಟ್ಟೆ ಹಾಕಿದ ರೋಸ್ ಕುಕ್ಕೀಸ್. ಇದನ್ನು ಯಾರೂ ಕೇಳಿರಲಿಲ್ಲ. ಆದರೆ ನಾನು ಹೀಗೆ ಮಾಡುತ್ತೇನೆ ಅಂತ ಹೇಳಿದ ಮೇಲೆ ಎದುರು ಮನೆಯ ಅಜ್ಜಿ ಮೊದಲ ಸಲ ನಮ್ಮ ತಟ್ಟೆಯಿಂದ ತಿಂದರು. ಅಷ್ಟು ವರ್ಷ ಅವರು ಕೈತುಂಬ ಪ್ರೀತಿಯಿಂದ ತೆಗೆದುಕೊಂಡು ಯಾರಿಗೋ ಕೊಟ್ಟುಬಿಡುತ್ತಿದ್ದರಂತೆ.

ಎಲ್ಲರೂ ಹೇಳುವುದು ಬೇಗ ಶುರು ಮಾಡಿ ಅಂತ. ನನಗೆ ಅದೇ ಮುಳುವಾಗಿತ್ತು. ನವೆಂಬರಿನಲ್ಲಿ ಶುರು ಮಾಡಿದರೆ ಸಮಯ ಇದೆಯಲ್ಲ ಅಂತ ಪಟ್ಟಿಗೆ ಇನ್ನೊಂದು ಸೇರುತ್ತದೆ, ಅಷ್ಟೇ. ಈಗ ಮುಗಿಸುವ ದಿನ ಮಾತ್ರ ಗಟ್ಟಿ. ಡಿಸೆಂಬರ್ 22ರ ಸಂಜೆ ಎಣ್ಣೆ ಬಾಣಲೆ ಒಲೆಯಿಂದ ಇಳಿಯಬೇಕು, ಅಷ್ಟರೊಳಗೆ ಆಗದಿದ್ದದ್ದು ಆ ವರ್ಷಕ್ಕೆ ಇಲ್ಲ. 2024ರಲ್ಲಿ ರೋಸ್ ಕುಕ್ಕೀಸ್ ಅಚ್ಚು ಕೈಕೊಟ್ಟಿತು, ಹಿಟ್ಟು ಅಚ್ಚಿಗೇ ಅಂಟಿ ಬಿಡಲೇ ಇಲ್ಲ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು, ಅದೆಲ್ಲ ಗೊತ್ತು, ಆದರೂ. ಹಿಂದೆಯಾಗಿದ್ದರೆ ಹೊಸ ಅಚ್ಚು ತಂದು ರಾತ್ರಿ ಒಂದರ ತನಕ ನಿಲ್ಲುತ್ತಿದ್ದೆ. ಆ ಸಲ ಉಳಿದ ಹಿಟ್ಟನ್ನು ಕಾವಲಿಗೆ ಹೊಯ್ದೆ. ಸಿಹಿ ದೋಸೆ ಅಂತ ಮಕ್ಕಳು ತಿಂದರು.

23ಕ್ಕೆ ಹಂದಿ ಮಾಂಸದ ಬಫಾತ್. ಅದು ಎರಡು ದಿನ ಕೂತಷ್ಟೂ ರುಚಿ, ಹಬ್ಬದ ದಿನ ಬಿಸಿ ಮಾಡಿದರೆ ಸಾಕು. ಅದರ ಜೊತೆಗೆ ಸನ್ನಾ, ಇಡ್ಲಿಯಂಥದ್ದು. ಊರಲ್ಲಿ ಅದಕ್ಕೆ ಕಳ್ಳು ಹಾಕುತ್ತಾರೆ, ನಾನು ಯೀಸ್ಟ್ ಹಾಕುತ್ತೇನೆ. 24ಕ್ಕೆ ಸನ್ನಾದ ಹಿಟ್ಟು ರುಬ್ಬುವುದು ಬಿಟ್ಟರೆ ಅಡುಗೆಮನೆಯಲ್ಲಿ ಬೇರೆ ಕೆಲಸ ಇಲ್ಲ. ಮಧ್ಯಾಹ್ನ ಮಲಗುತ್ತೇನೆ. ಹೌದು, ಹಬ್ಬದ ಹಿಂದಿನ ಮಧ್ಯಾಹ್ನ ಮಲಗುವುದಕ್ಕೆ ಮೊದಲ ವರ್ಷ ನನಗೇ ಒಂಥರಾ ಅನಿಸಿತ್ತು.

ಗೋದಲಿ ಈಗ ಮಗನದ್ದು. ಕೊಳ ಇಲ್ಲ, ಪಂಪ್ ಇಲ್ಲ. ಡಿಸೆಂಬರ್ ಎರಡನೇ ವಾರ ತಟ್ಟೆಗಳಲ್ಲಿ ರಾಗಿ ಬಿತ್ತುತ್ತಾನೆ, ಬೆಂಗಳೂರಿನ ಚಳಿಗೆ ಮೊಳಕೆ ನಿಧಾನ, ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಾನೆ. ಹಬ್ಬದ ಹೊತ್ತಿಗೆ ಹಸಿರು ಗದ್ದೆ ರೆಡಿ. ಕುರುಬರಲ್ಲಿ ಒಬ್ಬನ ಕೈ ಮುರಿದಿದೆ, ಫೆವಿಕಾಲ್ ಹಾಕಿದ್ದೇವೆ. ಬಾಲ ಯೇಸುವನ್ನು 24ರ ರಾತ್ರಿ ಚರ್ಚಿನಿಂದ ಬಂದ ಮೇಲೆಯೇ ಇಡುವುದು. ಅಲ್ಲಿಯವರೆಗೆ ಕಪಾಟಿನಲ್ಲಿ ಬಚ್ಚಿಟ್ಟಿರುತ್ತೇನೆ, ಕಳೆದ ವರ್ಷ ಎಲ್ಲಿಟ್ಟೆ ಅಂತ ನಾನೇ ಮರೆತು ನಾಲ್ಕೂ ಜನ ರಾತ್ರಿ ಹುಡುಕಿದೆವು. ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು.

ಎಲ್ಲ ಸರಿಹೋಯಿತು ಅಂತ ಏನೂ ಇಲ್ಲ. ಕೇಕ್ ಮಾತ್ರ ಅಂದುಕೊಂಡಷ್ಟು ಕಡಿಮೆ ಮಾಡಲು ನನ್ನಿಂದ ಆಗಿಲ್ಲ. ಎರಡು ಕಿಲೋ ಸಾಕು ಅಂತ ಲೆಕ್ಕ ಹಾಕಿ, ಅಕ್ಟೋಬರಿನಲ್ಲಿ ದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ ಎಲ್ಲ ರಮ್‌ನಲ್ಲಿ ನೆನೆಹಾಕಲು ಕೂತರೆ ಜಾಡಿ ತುಂಬುವ ತನಕ ಕೈ ನಿಲ್ಲುವುದೇ ಇಲ್ಲ. ಹೋದ ಸಲವೂ ನಾಲ್ಕು ಕಿಲೋ ಆಯಿತು. ಕೊನೆಯ ತುಂಡು ಫೆಬ್ರವರಿಯಲ್ಲಿ ನಾನೇ ತಿಂದೆ, ನಿಂತುಕೊಂಡೇ, ಫ್ರಿಜ್ ಬಾಗಿಲು ತೆಗೆದು.