ಚಮಚ ಓರೆ ಮಾಡಿದರೆ ಸುರಿಯಬಾರದು: ಮಗಳಿಗೆ ಊಟ ಶುರು ಮಾಡಿದ ನನ್ನ ಅನುಭವ

ಸರ್ಕಾರಿ ಶಾಲೆ ಟೀಚರ್‌ಗಳಿಗೆ ಹೆರಿಗೆ ರಜೆ 180 ದಿನ. ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುವ ಅವಧಿಯೂ ಆರು ತಿಂಗಳೇ. ಲೆಕ್ಕ ತಾಳೆಯಾಗುತ್ತದೆ ಅಲ್ವಾ? ನನಗೆ ಆಗಲಿಲ್ಲ. ತುಂಬು ಹೊಟ್ಟೆ ಹೊತ್ತುಕೊಂಡು ದಿನಾ ಬಸ್ಸಲ್ಲಿ ಓಡಾಡೋಕೆ ಆಗದೆ ಹೆರಿಗೆಗೆ ಮುಂಚೆಯೇ ರಜೆ ಹಾಕಿದ್ದೆ. ಹಾಗಾಗಿ ಮಗಳಿಗೆ ಐದು ತಿಂಗಳು ತುಂಬುತ್ತಿದ್ದಂತೆ ಡ್ಯೂಟಿಗೆ ಹಾಜರಾಗಬೇಕಾಯಿತು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ನೀನು ಹೋಗೋದ್ರೊಳಗೆ ರಾಗಿ ಸರಿ ಅಭ್ಯಾಸ ಮಾಡಿಸಿಬಿಡು ಕಣೇ."

ನಾನು ಮಾಡಿಸಲಿಲ್ಲ. ಆ ಒಂದು ತಿಂಗಳು ಹಾಲು ಹಿಂಡಿಟ್ಟು ಹೋಗುತ್ತಿದ್ದೆ. ಬೆಳಿಗ್ಗೆ ಹಿಂಡಿ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಅಮ್ಮ ಅದನ್ನು ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ, ಉಗುರುಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಬಾಟಲಿ ಬೇಡ ಅಂತ ಹಟ ಹಿಡಿದವರು ಅವರೇ. ಆ ವಿಷಯದಲ್ಲಿ ನಾನು ಎದುರು ಮಾತಾಡಲಿಲ್ಲ, ಒಳಲೆ ತೊಳೆಯೋದೂ ಸುಲಭ.

ಆರು ತಿಂಗಳು ಅಂದರೆ ಕ್ಯಾಲೆಂಡರ್ ಮಾತ್ರ ನೋಡುವುದಲ್ಲ. ಕುತ್ತಿಗೆ ಗಟ್ಟಿಯಾಗಿ ನಿಲ್ಲಬೇಕು, ಆನಿಸಿ ಕೂರಿಸಿದರೆ ಕೂರಬೇಕು, ಚಮಚ ಬಾಯಿಗಿಟ್ಟರೆ ನಾಲಿಗೆ ಅದನ್ನು ಹೊರಗೆ ತಳ್ಳುವುದು ಕಮ್ಮಿಯಾಗಿರಬೇಕು. ನಾವು ತಿನ್ನುವಾಗ ಮಗು ನಮ್ಮ ಕೈಯನ್ನೇ ನೋಡುತ್ತೆ, ಬಾಯಿ ಆಡಿಸುತ್ತೆ, ಅದಕ್ಕೇ "ಆಸೆ ಪಡ್ತಿದೆ, ಕೊಡು" ಅಂತಾರೆ. ನಾಲ್ಕು ತಿಂಗಳ ಮಗು ನನ್ನ ಮೊಬೈಲನ್ನೂ ಹಾಗೇ ನೋಡುತ್ತಿತ್ತು.

ಇನ್ನು ರಾಗಿ. ನಮ್ಮದು ತುಮಕೂರು ಕಡೆ, ರಾಗಿ ಸರಿ ಬಿಟ್ಟು ಬೇರೆಯದರಿಂದ ಶುರು ಮಾಡುವ ಪ್ರಶ್ನೆಯೇ ಇಲ್ಲ. ಅತ್ತೆಯದ್ದು ಉಡುಪಿ ಕಡೆ. ಅವರು ರಾಗಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದು ಮಣ್ಣಿ ಕಾಯಿಸುತ್ತಾರೆ. ಎರಡೂ ಚೆನ್ನಾಗಿಯೇ ಇರುತ್ತೆ. ಆದರೆ ದಿನಾ ಬೆಳಿಗ್ಗೆ ರುಬ್ಬಿ ಹಿಂಡಿ ಮಾಡಲು ನನಗೆ ಸಮಯ ಇರಲಿಲ್ಲ, ಹಾಗಾಗಿ ಮೊಳಕೆ ರಾಗಿ ಹಿಟ್ಟು ಮಾಡಿಟ್ಟುಕೊಂಡೆ. ಹೆಚ್ಚಲ್ಲ, ಅರ್ಧ ಕೇಜಿ.

ರಾಗಿಯನ್ನು ಕಲ್ಲು ಹೋಗುವಂತೆ ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮಾರನೇ ದಿನಕ್ಕೆ ಸಣ್ಣ ಬಿಳಿ ಮೊಳಕೆ ಬಂತು. ಅಷ್ಟು ಸಾಕು. ಉದ್ದ ಬರಲಿ ಅಂತ ಬಿಟ್ಟರೆ ಹುಳಿ ವಾಸನೆ ಬರುತ್ತೆ, ಬೂಸ್ಟು ಹಿಡಿಯುವ ಭಯ ಬೇರೆ. ನೆರಳಲ್ಲಿ ಹರವಿ ಒಣಗಿಸಿ, ಕೈಯಲ್ಲಿ ತಿಕ್ಕಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಸುಮ್ನೆ ಬೆಚ್ಚಗೆ ಮಾಡಿದೆ. ಮಿಲ್ಲಿಗೆ ಕೊಡಲಿಲ್ಲ. ಹಿಂದಿನವರು ಖಾರದಪುಡಿ ಬೀಸಿಸಿದ್ದರೆ ಅದರ ಘಾಟು ನಮ್ಮ ಹಿಟ್ಟಿಗೆ ಬರುತ್ತೆ. ಮಿಕ್ಸಿಯಲ್ಲಿ ಪುಡಿ ಮಾಡಿ, ಅಪ್ಪನ ಹಳೇ ಪಂಚೆಯನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಹಿಟ್ಟು ಹಾಕಿ ಅಂಗೈಯಲ್ಲಿ ಸವರಿದರೆ ಕೆಳಗೆ ಇಳಿಯುವುದು ಮೈಗೆ ಹಚ್ಚುವ ಪೌಡರಿನಷ್ಟು ನುಣ್ಣಗಿರುತ್ತೆ. ಮೇಲೆ ಉಳಿದ ತೌಡನ್ನು ನಮ್ಮ ರೊಟ್ಟಿ ಹಿಟ್ಟಿಗೆ ಸೇರಿಸಿದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮಗುವಿನ ಊಟ ಅಂದರೆ ನೀರು ಅಂತಲೇ ಲೆಕ್ಕ. ಬೇಳೆ ಕಟ್ಟು, ಗಂಜಿ ತಿಳಿ, ಕುಡಿಯುವ ಹಾಗಿರುವ ಸರಿ. "ಗಂಟಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ" ಅನ್ನುವ ಭಯ. ಆದರೆ ಯೋಚಿಸಿ ನೋಡಿ, ಈ ವಯಸ್ಸಿನ ಮಗುವಿನ ಹೊಟ್ಟೆಯಲ್ಲಿ ಹಿಡಿಸುವುದು ಕೇಜಿಗೆ ಸುಮಾರು 30 ಮಿಲಿ. ಏಳು ಕೇಜಿ ಮಗುವಾದರೆ ಒಂದು ಲೋಟ ಅಷ್ಟೇ. ಎದೆಹಾಲಿನಲ್ಲಿ 100 ಮಿಲಿಗೆ 65ರಿಂದ 70 ಕ್ಯಾಲೊರಿ ಇರುತ್ತದೆ. ಗಂಜಿ ತಿಳಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ತಿಳಿ ಕುಡಿಸಿದಷ್ಟೂ ಹೊಟ್ಟೆ ತುಂಬುತ್ತದೆ, ಹಾಲು ಕುಡಿಯುವುದು ಕಮ್ಮಿಯಾಗುತ್ತದೆ, ಒಟ್ಟು ಲೆಕ್ಕದಲ್ಲಿ ಮಗುವಿಗೆ ನಷ್ಟ. ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು ಒಂದೇ ಪರೀಕ್ಷೆ ಹೇಳಿಕೊಟ್ಟರು: ಚಮಚ ಓರೆ ಮಾಡಿದರೆ ಸರಿ ಸುರಿಯಬಾರದು, ನಿಧಾನಕ್ಕೆ ಜಾರಬೇಕು.

ಮೊಳಕೆ ಹಿಟ್ಟಿನ ಉಪಯೋಗ ಗೊತ್ತಾಗುವುದು ಇಲ್ಲೇ. ಒಂದು ಭಾನುವಾರ ಎರಡು ಪಾತ್ರೆ ಇಟ್ಟು ನೋಡಿದೆ. ಎರಡಕ್ಕೂ ಅಷ್ಟೇ ನೀರು, ಅಷ್ಟೇ ಹಿಟ್ಟು, ಒಂದರಲ್ಲಿ ಮಾಮೂಲಿ ರಾಗಿ, ಇನ್ನೊಂದರಲ್ಲಿ ಮೊಳಕೆಯದ್ದು. ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ಹೋದರೆ ಮಾಮೂಲಿ ಹಿಟ್ಟು ಗಟ್ಟಿಯಾಗಿ ಸೌಟಿಗೆ ಅಂಟಿಕೊಂಡಿತು, ಮೊಳಕೆಯದ್ದು ಸಡಿಲವಾಗಿಯೇ ಇತ್ತು. ಕಾಳು ಮೊಳೆಯುವಾಗ ಪಿಷ್ಟ ಒಡೆಯುವ ಅಮೈಲೇಸ್ ಅನ್ನುವ ಕಿಣ್ವ ಅದರಲ್ಲಿ ಹುಟ್ಟುತ್ತದೆ, ಅದರ ಕೆಲಸ ಇದು. ಹಾಗಾಗಿ ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಾಕಬಹುದು, ಆದರೂ ಮಗು ನುಂಗುವಷ್ಟು ಮೆತ್ತಗಿರುತ್ತದೆ. ಕುದಿಯುವ ನೀರಿಗೆ ನೇರವಾಗಿ ಹಾಕಿದರೆ ಅಥವಾ ಹಿಟ್ಟನ್ನು ಮೊದಲೇ ಕೆಂಪಗೆ ಹುರಿದುಬಿಟ್ಟರೆ ಈ ಗುಣ ಹೋಗುತ್ತದೆ. ತಣ್ಣೀರಲ್ಲಿ ಕಲಸಿ ನಿಧಾನಕ್ಕೆ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಬೇಕು. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ.

ಅರ್ಧ ತಿಂದು ಬಿಟ್ಟ ಬಟ್ಟಲಿನ ಸರಿ ಸ್ವಲ್ಪ ಹೊತ್ತಿಗೆ ನೀರು ನೀರಾಗುತ್ತಲ್ಲ, ಅದೂ ಇದೇ ಕಥೆ. ಚಮಚದ ಜೊತೆ ಬಂದ ಎಂಜಲಿನಲ್ಲೂ ಅಮೈಲೇಸ್ ಇರುತ್ತದೆ. ಎಂಜಲಾದದ್ದನ್ನು ಎತ್ತಿಟ್ಟು ಮತ್ತೆ ಕೊಡಲೇಬಾರದು, ಬೇಗ ಕೆಡುತ್ತದೆ. ಅದಕ್ಕೇ ನಾನು ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳುತ್ತಿದ್ದೆ. ರಾಗಿ ಸರಿಗೆ ಎದೆಹಾಲು ಬೆರೆಸಿದರೂ ಅದು ತೆಳ್ಳಗಾಗುತ್ತದೆ. ಎದೆಹಾಲಿನಲ್ಲೂ ಆ ಕಿಣ್ವ ಇದೆ.

ಮೊದಲ ದಿನಗಳಲ್ಲಿ ಎರಡು ಮೂರು ಚಮಚ, ಅದರಲ್ಲೂ ಅರ್ಧ ಗಲ್ಲದ ಮೇಲೆ. ಮೊದಲು ಹಾಲು, ಸ್ವಲ್ಪ ಹೊತ್ತು ಬಿಟ್ಟು ಊಟ. ತೀರಾ ಹಸಿದ ಮಗು ಚಮಚ ಕಂಡರೆ ಅಳುತ್ತೆ, ಅದಕ್ಕೆ ಬೇಕಾಗಿರುವುದು ಎದೆ. ಬರ್ತಾ ಬರ್ತಾ ದಿನಕ್ಕೆ ಎರಡು ಸಲ, ಆಮೇಲೆ ಮೂರು ಸಲ ಆಯಿತು. ಒಂದೊಂದೇ ಹೊಸ ಪದಾರ್ಥ ಸೇರಿಸಿ ಎರಡು ಮೂರು ದಿನ ನೋಡುತ್ತಿದ್ದೆ. ಸಿಹಿಗುಂಬಳ, ಸೀಮೆಬದನೆಕಾಯಿ, ಕ್ಯಾರೆಟ್ ಬೇಯಿಸಿ ಹಿಸುಕಿದ್ದು, ಹೆಸರುಬೇಳೆ ಅಕ್ಕಿಯ ಮೆತ್ತನೆ ಹುಗ್ಗಿ, ಪರಂಗಿ ಹಣ್ಣು. ಏಲಕ್ಕಿ ಬಾಳೆಗೆ ಮಾತ್ರ ಮನೆಯಲ್ಲಿ "ಶೀತ ಆಗುತ್ತೆ" ಅಂತ ಗಲಾಟೆ. ಕೊನೆಗೆ ಸಂಜೆ ಬೇಡ, ಬೆಳಿಗ್ಗೆ ಕೊಡಿ ಅಂತ ರಾಜಿಯಾಯಿತು. ಬಾಳೆಹಣ್ಣು ತಿಂದ ಮಾರನೇ ದಿನ ಕಕ್ಕದಲ್ಲಿ ಕಪ್ಪು ಎಳೆ ಎಳೆ ಕಂಡರೆ ಹುಳ ಅಂತ ಗಾಬರಿ ಬೀಳಬೇಡಿ, ಅದು ಹಣ್ಣಿನ ನಡುವಿನ ನಾರು. ಬಣ್ಣ, ವಾಸನೆ ಎಲ್ಲ ಬದಲಾಗುತ್ತದೆ, ಅದೇ ಸಹಜ. ಗಟ್ಟಿಯಾದಾಗ ಪರಂಗಿ ಜಾಸ್ತಿ ಮಾಡಿ, ಕಾಯಿಸಿ ಆರಿಸಿದ ನೀರು ಒಂದೆರಡು ಗುಟುಕು ಕೊಟ್ಟೆ.

ರಾಗಿಯಲ್ಲಿ ಕ್ಯಾಲ್ಶಿಯಂ ಧಾರಾಳ, ಆದರೆ ಬರೀ ರಾಗಿಯನ್ನೇ ನಂಬಿ ಕೂರಬಾರದು. ಹುಟ್ಟುವಾಗ ಮಗು ತಂದುಕೊಂಡ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ಕಮ್ಮಿ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೆನೆಸಿ ಮೊಳಕೆ ಬರಿಸಿದರೆ ಸ್ವಲ್ಪ ವಾಸಿ, ಜೊತೆಗೆ ಟೊಮೆಟೊ ಅಥವಾ ನಿಂಬೆರಸ ಇದ್ದರೆ ಇನ್ನೂ ವಾಸಿ. ನಾವು ಮೊಟ್ಟೆ ಮಾಂಸ ತಿನ್ನುವವರು, ಹಾಗಾಗಿ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಏಳನೇ ತಿಂಗಳಲ್ಲೇ ಕೊಟ್ಟೆ. ಅತ್ತೆ "ವರ್ಷ ತುಂಬಲಿ" ಅಂದರು. ಹಿಂದೆ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು, ಈಗ ತಡ ಮಾಡುವುದರಿಂದ ಅಲರ್ಜಿ ತಪ್ಪುವುದಿಲ್ಲ ಅಂತ ಗೊತ್ತಾಗಿದೆ. ಕೋಳಿ ಲಿವರ್ ಬೇಯಿಸಿ ಸ್ವಲ್ಪವೇ ಅರೆದು ಅನ್ನಕ್ಕೆ ಬೆರೆಸಿದ್ದೂ ಉಂಟು. ಇದಲ್ಲದೆ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಆರು ತಿಂಗಳಾದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಅದು ಕುಡಿದರೆ ಕಕ್ಕ ಕಪ್ಪಗಾಗುತ್ತದೆ, ಅಷ್ಟೇ.

ಕೊಡದೇ ಇದ್ದದ್ದು: ಜೇನುತುಪ್ಪ, ವರ್ಷದವರೆಗೆ ನೆಕ್ಕಿಸಲೂ ಇಲ್ಲ. ಬೊಟುಲಿಸಂ ಅನ್ನುವ ಕಾಯಿಲೆಯ ರೋಗಾಣು ಅದರಲ್ಲಿರಬಹುದು, ದೊಡ್ಡವರಿಗೆ ಏನೂ ಆಗುವುದಿಲ್ಲ, ಎಳೆ ಮಗುವಿಗೆ ಅಪಾಯ. ಸಕ್ಕರೆ, ಬೆಲ್ಲ, ಉಪ್ಪು ಇಲ್ಲ. ಹಸುವಿನ ಹಾಲನ್ನು ಕುಡಿಯಲು ಕೊಡಲಿಲ್ಲ. ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ ಮನೆಯಲ್ಲಿ ಅವಳ ಕೈಗೆ ಎಟುಕದ ಕಡೆ ಇರುತ್ತಿತ್ತು.

ಓಕರಿಸುವುದಕ್ಕೂ ಗಂಟಲು ಕಟ್ಟುವುದಕ್ಕೂ ವ್ಯತ್ಯಾಸ ಇದೆ, ಇದನ್ನು ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಹೇಳಿಕೊಡಿ. ಓಕರಿಸುವಾಗ ಶಬ್ದ ಬರುತ್ತೆ, ಮುಖ ಕೆಂಪಾಗುತ್ತೆ, ತಾನೇ ಹೊರಗೆ ಹಾಕುತ್ತೆ. ಸುಮ್ಮನೆ ಪಕ್ಕದಲ್ಲಿದ್ದರೆ ಸಾಕು. ಗಂಟಲು ಕಟ್ಟಿದರೆ ಶಬ್ದವೇ ಇರುವುದಿಲ್ಲ. ಆಗ ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಹೋಗದಿದ್ದರೆ ತಿರುಗಿಸಿ ಎದೆ ಮೂಳೆಯ ಮೇಲೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಬೇಕು, ಜೊತೆಗೇ 108ಕ್ಕೆ ಫೋನ್ ಮಾಡಿಸಬೇಕು. ಕಾಣದ ತುಣುಕಿಗೆ ಬಾಯೊಳಗೆ ಬೆರಳು ಹಾಕಬಾರದು.

ಎಂಟನೇ ತಿಂಗಳಲ್ಲಿ ಹಲ್ಲು ಬರುವಾಗ ಊಟವೇ ಬೇಡ ಅಂತ ಹಟ ಶುರುವಾಯಿತು. ಹಗಲೆಲ್ಲ ಬಾಯಿ ಬಿಗಿ ಹಿಡಿಯೋದು, ರಾತ್ರಿಯೆಲ್ಲ ಎದೆ ಬಿಡದೆ ಚೀಪೋದು. ಅಮ್ಮ ಹಾಡು ಹಾಕಿ, ಕಾಗೆ ತೋರಿಸಿ, ಬಾಯಿ ಬಿಟ್ಟಾಗ ತುರುಕಲು ನೋಡಿದರು. "ತುರುಕಬೇಡಮ್ಮ, ಹಾಲು ಕುಡೀತಾ ಇದ್ದಾಳಲ್ಲ" ಅಂದೆ. ಮೂರು ಸಲ ಮುಖ ತಿರುಗಿಸಿದರೆ ಬಟ್ಟಲು ಎತ್ತಿಬಿಡುವುದು ಅಂತ ಮನೆಯಲ್ಲಿ ನಿಯಮ ಮಾಡಿದೆ. ತೂಕ ಸರಿಯಾಗಿ ಏರುತ್ತಿತ್ತು, ಒಂದಕ್ಕೆ ಹೋಗುವುದು ಸರಿಯಾಗಿತ್ತು, ಆಟ ಆಡುತ್ತಿದ್ದಳು. ಹಲ್ಲು ಮೂಡಿದ ಮೇಲೆ ತಾನಾಗಿಯೇ ಬಾಯಿ ತೆರೆದಳು, ಆದರೆ ಚಮಚ ತನ್ನ ಕೈಯಲ್ಲೇ ಇರಬೇಕು. ಈಗ ನೆಲಕ್ಕೆ ಹಳೇ ಸೀರೆ ಹಾಸಿ ಕೂರಿಸುತ್ತೇವೆ, ಬೇಯಿಸಿದ ಕ್ಯಾರೆಟ್ ಕಡ್ಡಿ ಅವಳ ಒಂದು ಕೈಯಲ್ಲಿ, ಚಮಚ ಇನ್ನೊಂದು ಕೈಯಲ್ಲಿ, ತಿನ್ನಿಸುವ ಚಮಚ ನಮ್ಮದು ಬೇರೆ. ಹುಳಿಗೆ ಉಪ್ಪು ಖಾರ ಬೀಳುವ ಮುಂಚೆ ಬೆಂದ ಬೇಳೆ ತರಕಾರಿಯನ್ನು ಅವಳಿಗೆ ಎತ್ತಿಟ್ಟರೆ ಬೇರೆ ಅಡುಗೆಯ ತಾಪತ್ರಯವೂ ಇಲ್ಲ. ಶಾಲೆಯಿಂದ ಬಂದ ತಕ್ಷಣ ಮಾತ್ರ ಅವಳಿಗೆ ಬೇಕಾಗಿರುವುದು ಹಾಲೇ. ಎರಡು ವರ್ಷ ತುಂಬುವವರೆಗೂ ಕೊಡಬೇಕೆಂದಿದ್ದೇನೆ.