ಅಪ್ಪಯ್ಯನ ಕೋಣೆಗೆ ತಲುಪದ ವೈಫೈ

ಶಿರಸಿ ಸೀಮೆಯ ನಮ್ಮ ಮನೆಗೆ ಫೈಬರ್ ಸಂಪರ್ಕ ಬಂದು ಒಂದು ವರ್ಷವಾಗುವ ಹೊತ್ತಿಗೆ ಅಪ್ಪಯ್ಯ ತಕರಾರು ತೆಗೆದರು. "ಸಿಮ್ಮಿನ ನೆಟ್ಟೇ ಇದಕ್ಕಿಂತ ಚೊಲೊ ಇದ್ದು, ತಿಂಗಳು ತಿಂಗಳು ಇದಕ್ಕೆ ದುಡ್ಡು ಕೊಡದು ಎಂತಕ್ಕೆ?" ಎಂಬುದು ಅವರ ಪ್ರಶ್ನೆ. ಅವರು ರಾತ್ರಿ ಒಳಕೋಣೆಯಲ್ಲಿ ಮಲಗಿಕೊಂಡು ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುವವರು. ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿದಾಗ ದೂರಿನಲ್ಲಿ ಹುರುಳಿದೆ ಎನ್ನಿಸಿತು. ಭಾಗವತರ ಪದ, ಚಂಡೆಯ ಪೆಟ್ಟು ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿದ್ದರೂ ಕಿರೀಟದ ಕುಸುರಿಯೆಲ್ಲ ಕರಗಿ ಒಂದು ಹಳದಿ ಮುದ್ದೆಯಾಗಿತ್ತು; ವೇಷ ಗಿರಕಿ ಹೊಡೆದಾಗಲಂತೂ ಮುಖ ಯಾವುದು, ಎದೆಕಟ್ಟು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ವೈಫೈ ಆರಿಸಿ ಮೊಬೈಲ್ ಡೇಟಾ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಚಿತ್ರ ತಿಳಿಯಾಯಿತು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ಫೈಬರ್, ಗುಡ್ಡದ ಮೇಲಿನ 4ಜಿ ಟವರಿನ ಮುಂದೆ ಸೋಲುವುದು ಹೇಗೆ ಎಂಬುದನ್ನು ಪತ್ತೆ ಹಚ್ಚಲು ನಾನು ಹದಿನೈದು ದಿನ ಒಂದು ನೋಟ್‌ಬುಕ್ ಹಿಡಿದುಕೊಂಡು ಮನೆಯೊಳಗೆ ಓಡಾಡಿದೆ.

ಸ್ಪೀಡ್ ಟೆಸ್ಟನ್ನು ನಾನು ಬೇಗನೆ ಕೈಬಿಟ್ಟೆ. ಅದು ಹತ್ತಿರದ ಸರ್ವರಿಗೆ ಹಲವು ಸಂಪರ್ಕಗಳನ್ನು ಏಕಕಾಲಕ್ಕೆ ತೆರೆದು, ಕೆಲವೇ ಸೆಕೆಂಡುಗಳಲ್ಲಿ ಎಷ್ಟು ಎಳೆಯಬಹುದು ಎಂಬುದನ್ನು ಹೇಳುತ್ತದೆ. ಒಂದೂವರೆ ಗಂಟೆಯ ಪ್ರಸಂಗ ನಡುವೆ ಎಲ್ಲಿಯೂ ಮುಗ್ಗರಿಸದೆ ಸಾಗುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ವೀಡಿಯೊ ನಮಗೆ ಒಂದೇ ಕಡತವಾಗಿ ಬರುವುದಿಲ್ಲ. ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ 144ಪಿಯಿಂದ ಮೇಲಕ್ಕೆ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಹಿಂದಿನ ತುಣುಕುಗಳು ಎಷ್ಟು ಬೇಗ ಬಂದವು, ಮುಂದಿನದಕ್ಕೆಂದು ಎಷ್ಟು ಸೆಕೆಂಡುಗಳ ದಾಸ್ತಾನು ಇದೆ ಎಂದು ಲೆಕ್ಕ ಹಾಕಿ ಆ್ಯಪ್ ಮುಂದಿನ ತುಣುಕಿನ ಗುಣಮಟ್ಟವನ್ನು ಆರಿಸಿಕೊಳ್ಳುತ್ತದೆ. ಧ್ವನಿ ಬರುವುದು ಬೇರೆಯದೇ ತೆಳುವಾದ ಹರಿವಿನಲ್ಲಿ. ಚಿತ್ರ ಕೆಟ್ಟರೂ ಚಂಡೆ ಕೆಡದಿದ್ದುದಕ್ಕೆ ಇದೇ ಕಾರಣ.

ಈ ಲೆಕ್ಕಾಚಾರವನ್ನು ಕಣ್ಣಾರೆ ನೋಡಲು ಯೂಟ್ಯೂಬ್‌ನಲ್ಲಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬ ಸೌಲಭ್ಯವಿದೆ. ಮೊಬೈಲಿನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ಮೊದಲು ಅದನ್ನು ಆನ್ ಮಾಡಿಕೊಳ್ಳಬೇಕು. ಚಿತ್ರದ ಮೇಲೆ ಮೂಡುವ ಆ ಪುಟ್ಟ ಪಟ್ಟಿಯಲ್ಲಿ ನಾನು ನೋಡುತ್ತಿದ್ದುದು ಎರಡೇ ಸಾಲು: ಈಗ ಓಡುತ್ತಿರುವ ರೆಸಲ್ಯೂಶನ್ ಮತ್ತು 'ಬಫರ್ ಹೆಲ್ತ್', ಅಂದರೆ ಇನ್ನೆಷ್ಟು ಸೆಕೆಂಡುಗಳ ವೀಡಿಯೊ ಕೈಯಲ್ಲಿದೆ ಎಂಬ ಸಂಖ್ಯೆ. ಒಂದೇ ಯಕ್ಷಗಾನದ ಮುದ್ರಣವನ್ನು ಗುಣಮಟ್ಟ 'ಆಟೊ'ದಲ್ಲಿಟ್ಟು, ಜಗುಲಿಯಲ್ಲಿ, ನಡುಮನೆಯಲ್ಲಿ, ಒಳಕೋಣೆಯಲ್ಲಿ ಹತ್ತು ಹತ್ತು ನಿಮಿಷ ಓಡಿಸಿ, ಬೆಳಿಗ್ಗೆ ಆರಕ್ಕೆ, ಊಟವಾದ ಮೇಲೆ ಮತ್ತು ರಾತ್ರಿ ಒಂಬತ್ತಕ್ಕೆ ಬರೆದಿಟ್ಟುಕೊಂಡೆ.

ಮೊದಲ ಎರಡು ದಿನಗಳ ಲೆಕ್ಕವನ್ನು ಹರಿದು ಎಸೆಯಬೇಕಾಯಿತು. ನನ್ನ ಫೋನಿನಲ್ಲಿ ಮೊಬೈಲ್ ಡೇಟಾ ಎಲ್ಲಿ ನೋಡಿದರೂ ಮಂಕಾಗಿಯೇ ಬರುತ್ತಿತ್ತು, ಅಪ್ಪಯ್ಯನ ಫೋನಿನಲ್ಲಿ ಹಾಗಿರಲಿಲ್ಲ. ಹುಡುಕಿದಾಗ ಸಿಕ್ಕಿದ ಕಾರಣ ನೆಟ್‌ವರ್ಕಿನದಲ್ಲ. ಯೂಟ್ಯೂಬ್‌ನ ವೀಡಿಯೊ ಗುಣಮಟ್ಟದ ಸೆಟ್ಟಿಂಗ್‌ನಲ್ಲಿ ಮೊಬೈಲ್‌ಗೊಂದು, ವೈಫೈಗೊಂದು ಎಂದು ಎರಡು ಪ್ರತ್ಯೇಕ ಆಯ್ಕೆಗಳಿವೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನೇ ಮೊಬೈಲ್‌ಗೆ 'ಡೇಟಾ ಸೇವರ್' ಎಂದು ಒತ್ತಿಟ್ಟು ಮರೆತಿದ್ದೆ. ಮೊಬೈಲ್ ನೆಟ್ ಎಂದರೆ ಮಸುಕು ಎಂಬ ನನ್ನ ಪೂರ್ವಗ್ರಹಕ್ಕೂ ಒಂದು ಚರಿತ್ರೆಯಿದೆ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ನೆಟ್‌ವರ್ಕ್ ಮೇಲಿನ ಹೊರೆ ಇಳಿಸಲೆಂದು ಭಾರತದ ವೀಡಿಯೊ ಸೇವೆಗಳು ಮೊಬೈಲ್ ಜಾಲದಲ್ಲಿ 480ಪಿಗಿಂತ ಹೆಚ್ಚು ಕೊಡುವುದಿಲ್ಲ ಎಂದು ಒಪ್ಪಿಕೊಂಡಿದ್ದವು. ಅದೇ ಫೋನು ವೈಫೈಗೆ ಬಂದರೆ ಎಚ್‌ಡಿ, ಸಿಮ್ಮಿಗೆ ಹೋದರೆ 480ಪಿ. ಟವರ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕಿಂತ ಮೇಲಿನದು ಸಿಗುತ್ತಿರಲಿಲ್ಲ. ಕಾಣುವ ಚಿತ್ರಕ್ಕೂ ಸಿಗ್ನಲ್‌ಗೂ ನೇರ ಸಂಬಂಧವಿರಲೇಬೇಕಿಲ್ಲ ಎಂಬುದು ನನಗೆ ಅಂದೇ ಹೊಳೆಯಬೇಕಿತ್ತು.

ಎರಡೂ ಫೋನುಗಳ ಸೆಟ್ಟಿಂಗ್ ಒಂದೇ ರೀತಿ ಮಾಡಿಕೊಂಡು ಮತ್ತೆ ಅಳೆದಾಗ ಚಿತ್ರಣ ಬೇರೆಯಾಯಿತು. ರೂಟರ್ ಇರುವ ಜಗುಲಿಯಲ್ಲಿ ವೈಫೈ ಯಾವ ಹೊತ್ತಿನಲ್ಲೂ 1080ಪಿಯಿಂದ ಕೆಳಗಿಳಿಯಲಿಲ್ಲ. ಒಳಕೋಣೆಯಲ್ಲಿ ಬಫರ್ ಐದಾರು ಸೆಕೆಂಡಿಗೆ ಏರುವುದು, ಸೊನ್ನೆಗೆ ಬೀಳುವುದು, ಆ್ಯಪ್ ಹೆದರಿ 240ಪಿಗೆ ಇಳಿಯುವುದು, ಹೀಗೆಯೇ ನಡೆಯಿತು. ಫೋನಿನಲ್ಲಿ ಹಾಕಿಕೊಂಡ ವೈಫೈ ಅಳೆಯುವ ಆ್ಯಪ್ ಜಗುಲಿಯಲ್ಲಿ ಮೈನಸ್ 45 ಡಿಬಿಎಂ ತೋರಿಸಿದ್ದು, ಒಳಕೋಣೆಯಲ್ಲಿ ಮೈನಸ್ 80ರ ಆಸುಪಾಸಿಗೆ ಬಂದಿತ್ತು (ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ನಡುವೆ ಇರುವುದು ಮೂರು ಚಿರೇಕಲ್ಲಿನ ಗೋಡೆಗಳು. ಪ್ರತಿಯೊಂದೂ ಒಂದೂವರೆ ಅಡಿ ದಪ್ಪ. ನಮ್ಮ ಹಳೆಯ ಮನೆಗಳನ್ನು ಕಟ್ಟಿದವರು ಸೆಕೆಗೆ, ಮಳೆಗೆ ಯೋಚಿಸಿದ್ದರೇ ಹೊರತು ರೇಡಿಯೊ ಅಲೆಗಲ್ಲ. ಅದೇ ಕೋಣೆಯಲ್ಲಿ ಮೊಬೈಲ್ ಗೆದ್ದುದಕ್ಕೆ ಕಾರಣ ಕಿಟಕಿ: ಅದು ಟವರಿರುವ ಗುಡ್ಡದ ಕಡೆಗೇ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ವೇಗ ಏಳೆಂಟು ಎಂಬಿಪಿಎಸ್ ಅಷ್ಟೇ, ಆದರೆ ಏರಿಳಿತವಿಲ್ಲ.

ಅಷ್ಟು ವೇಗವೇ ಸಾಕು. 1080ಪಿಗೆ 5 ಎಂಬಿಪಿಎಸ್, 720ಪಿಗೆ 3 ಎಂಬಿಪಿಎಸ್ ಸಾಕೆಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. 4ಕೆಗೂ ಅದು ಕೇಳುವುದು 15. ಒಬ್ಬರು ನೋಡುವ ವೀಡಿಯೊಗೆ 100 ಎಂಬಿಪಿಎಸ್ ಅಗತ್ಯವಿಲ್ಲ, ಐದು ಎಂಬಿಪಿಎಸ್ ತಪ್ಪದೆ ಬರಬೇಕು.

ಸರಿಪಡಿಸಲು ಮೊದಲು ಮಾಡಿದ್ದು ದಡ್ಡತನ. ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಹರಡುವ ಒಂದು ರಿಪೀಟರನ್ನು ಪೇಟೆಯಿಂದ ತಂದು ಅಪ್ಪಯ್ಯನ ಹಾಸಿಗೆಯ ಪಕ್ಕದ ಪ್ಲಗ್ಗಿಗೆ ಚುಚ್ಚಿದೆ. ಫೋನಿನಲ್ಲಿ ವೈಫೈ ಕಡ್ಡಿಗಳು ತುಂಬಿಕೊಂಡವು, ಚಿತ್ರ ಮಾತ್ರ ಹಾಗೆಯೇ ಉಳಿಯಿತು. ಸಿಗ್ನಲ್ ಸತ್ತ ಜಾಗದಲ್ಲಿ ಕುಳಿತ ರಿಪೀಟರ್ ಆ ಸತ್ತದ್ದನ್ನೇ ಜೋರಾಗಿ ಹೇಳುತ್ತದೆ; ಸಾಲದೆಂಬಂತೆ, ಒಂದೇ ರೇಡಿಯೊದ ಅಗ್ಗದ ರಿಪೀಟರ್ ಕೇಳುವುದಕ್ಕೂ ಹೇಳುವುದಕ್ಕೂ ಅದನ್ನೇ ಬಳಸುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ರೂಟರಿನ ಚಾನೆಲ್, ಅಂದರೆ ಅದು ಬಳಸುವ ರೇಡಿಯೊ ದಾರಿ, ಬದಲಾಯಿಸಿ ನೋಡಿದೆ. ಬೆಂಗಳೂರಿನ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಅದರಿಂದ ಉಪಯೋಗವಾಗಿತ್ತು, ಏಕೆಂದರೆ ಅಲ್ಲಿ ಫೋನು ತೆರೆದರೆ ಅಕ್ಕಪಕ್ಕದವರ ವೈಫೈ ಹೆಸರುಗಳ ಸಂತೆಯೇ ಕಾಣುತ್ತದೆ ಮತ್ತು 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರು ಮಾತ್ರ. ನಮ್ಮ ತೋಟದ ನಡುವಿನ ಮನೆಯಲ್ಲಿ ಪೈಪೋಟಿಗೆ ಯಾರೂ ಇಲ್ಲ. ಸ್ವಲ್ಪ ಪ್ರಯೋಜನವಾದದ್ದು 2.4 ಮತ್ತು 5 ಗಿಗಾಹರ್ಟ್ಸ್‌ಗಳಿಗೆ ಬೇರೆ ಬೇರೆ ಹೆಸರು ಕೊಟ್ಟು, ಅಪ್ಪಯ್ಯನ ಫೋನನ್ನು ಗೋಡೆ ದಾಟುವ ಶಕ್ತಿ ಹೆಚ್ಚಿರುವ 2.4ಕ್ಕೆ ಕಟ್ಟಿಹಾಕಿದಾಗ. ಚಿತ್ರ 480ಪಿಯಲ್ಲಿ ಸ್ಥಿರವಾಗಿ ನಿಂತಿತು.

ಪೂರ್ತಿ ಪರಿಹಾರ ಸಿಕ್ಕಿದ್ದು ತಂತಿಯಿಂದ. ಅಟ್ಟದ ಮೇಲೆ ಲ್ಯಾನ್ ಕೇಬಲ್ ಎಳೆದು, ಇಲಿ ಕಡಿಯದಂತೆ ಅದನ್ನು ಪಿವಿಸಿ ಪೈಪಿನೊಳಗೆ ತೂರಿಸಿ, ಕಪಾಟಿನಲ್ಲಿ ಬಿದ್ದಿದ್ದ ಹಳೆಯ ರೂಟರನ್ನು ಒಳಕೋಣೆಯಲ್ಲಿಟ್ಟೆ. ಹಳೆಯದರಲ್ಲಿ ಫೋನುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬುದನ್ನು ಆರಿಸಬೇಕು, ಕೇಬಲನ್ನು ವ್ಯಾನ್ ಎಂದು ಬರೆದ ತೂತಿಗಲ್ಲದೆ ಲ್ಯಾನ್ ತೂತಿಗೆ ಹಾಕಬೇಕು; ಇದನ್ನು ತಿಳಿಯದೆ ಒಂದು ಇಡೀ ಸಂಜೆ ಮನೆಯ ನೆಟ್ಟನ್ನೇ ಕೆಡಿಸಿಟ್ಟಿದ್ದೆ. ಅಂದಿನಿಂದ ಬಫರ್ ಹೆಲ್ತ್ ಮೂವತ್ತು ಸೆಕೆಂಡಿನ ಕೆಳಗೆ ಬಂದುದನ್ನು ನಾನು ಕಂಡಿಲ್ಲ.

ಮೊಬೈಲ್ ಡೇಟಾದ ಬಣ್ಣ ಬಯಲಾಗುವುದು ರಾತ್ರಿ. ಬೆಳಿಗ್ಗೆ ಆರಕ್ಕೆ ಏಳೆಂಟು ಎಂಬಿಪಿಎಸ್ ಕೊಟ್ಟ ಅದೇ ಕಿಟಕಿಯಲ್ಲಿ ರಾತ್ರಿ ಒಂಬತ್ತರ ನಂತರ ಒಂದೂವರೆ ಬಂದರೆ ಹೆಚ್ಚು. ಸಿಗ್ನಲ್ ಕಡ್ಡಿಗಳು ಅಷ್ಟೇ ಇರುತ್ತವೆ, ಆದರೆ ಟವರಿನ ಒಟ್ಟು ಸಾಮರ್ಥ್ಯವನ್ನು ಸುತ್ತಲಿನ ಹಳ್ಳಿಗಳೆಲ್ಲ ಹಂಚಿಕೊಂಡಿರುತ್ತವೆ. 2025ರ ಜೂನ್ 3ರ ಐಪಿಎಲ್ ಫೈನಲ್ ದಿನ ಇದನ್ನು ಅನುಭವಿಸಿದೆವು. ಪಂಜಾಬ್ ಬ್ಯಾಟಿಂಗ್ ನಡುವೆ ಕರೆಂಟ್ ಹೋಯಿತು, ರೂಟರ್ ಆರಿತು, ಊರಿನವರೆಲ್ಲ ನಮ್ಮ ಹಾಗೆಯೇ ಮೊಬೈಲ್ ಡೇಟಾಕ್ಕೆ ಬಿದ್ದರು. ನೇರಪ್ರಸಾರದಲ್ಲಿ ಮುಂದಿನ ತುಣುಕುಗಳು ಇನ್ನೂ ಹುಟ್ಟಿರುವುದೇ ಇಲ್ಲವಾದ್ದರಿಂದ ದಾಸ್ತಾನು ಮಾಡಿಕೊಳ್ಳಲು ಅವಕಾಶ ಬಹಳ ಕಡಿಮೆ. ಚೆಂಡು ಕಾಣದ ಚಿತ್ರದಲ್ಲಿ ಕೊನೆಯ ಓವರಿನ ಎರಡನೇ ಚೆಂಡಿಗಾಗಿ ನಾವು ಕಾಯುತ್ತಿದ್ದಾಗ, ಇನ್ವರ್ಟರ್ ಮತ್ತು ಡಿಶ್ ಇರುವ ಪಕ್ಕದ ಮನೆಯಿಂದ ಪಟಾಕಿ ಸಿಡಿಯಿತು. ಆರ್‌ಸಿಬಿ ಹದಿನೆಂಟು ವರ್ಷಗಳ ನಂತರ ಆರು ರನ್ನುಗಳಿಂದ ಗೆದ್ದುದು ನಮಗೆ ತಿಳಿದದ್ದು ಹಾಗೆ.

ಮರುವಾರವೇ 12 ವೋಲ್ಟಿನ ಪುಟ್ಟ ಯುಪಿಎಸ್ ತರಿಸಿದೆ. ಫೈಬರಿನ ದಾರಿಯಲ್ಲಿ ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗಳಿಗೆ ವಿದ್ಯುತ್ ಬೇಕಿಲ್ಲ. ಆ ತುದಿಯ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇದ್ದು, ಈ ತುದಿಯಲ್ಲಿ ಫೈಬರ್ ಪೆಟ್ಟಿಗೆ ಮತ್ತು ರೂಟರ್ ಉರಿಯುತ್ತಿದ್ದರೆ ಊರು ಕತ್ತಲಲ್ಲಿದ್ದರೂ ನೆಟ್ ಬರುತ್ತದೆ.

ಹಾಟ್‌ಸ್ಪಾಟ್ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಫೋನಿನ ಹಾಟ್‌ಸ್ಪಾಟಿಗೆ ಟಿವಿಯನ್ನು ಜೋಡಿಸಿದರೆ ಟಿವಿಯ ಪಾಲಿಗೆ ಅದು ವೈಫೈ. ಮೊಬೈಲ್‌ಗೆಂದು ಫೋನಿನಲ್ಲಿ ಮಾಡಿಟ್ಟ ಉಳಿತಾಯದ ಸೆಟ್ಟಿಂಗ್ ಅಲ್ಲಿ ನಡೆಯುವುದಿಲ್ಲ. 5 ಎಂಬಿಪಿಎಸ್ ಒಂದು ಗಂಟೆ ಹರಿದರೆ 2.25 ಜಿಬಿ. ದಿನದ ಎರಡು ಜಿಬಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದಾಗ ನೆಂಟರೆದುರು ಮುಖ ಸಣ್ಣದು ಮಾಡಿಕೊಳ್ಳುವುದೊಂದೇ ಉಳಿಯುತ್ತದೆ.

ಇಷ್ಟಾದರೂ ಅಪ್ಪಯ್ಯನ ಸಿಮ್ಮಿಗೆ ರೀಚಾರ್ಜ್ ಮಾಡಿಸುವುದನ್ನು ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಟೊಂಗೆ ಬಿದ್ದು ಫೈಬರ್ ತುಂಡಾಗಿ, ಪೆಟ್ಟಿಗೆಯ ಕೆಂಪು ದೀಪ ಮಿನುಗತೊಡಗಿದ ಮೇಲೆ ಜೋಡಿಸುವವರು ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅಪ್ಪಯ್ಯ ಮೊದಲಿನಂತೆ ದೂರಲಿಲ್ಲ. ರಾತ್ರಿ ಬೇಗ ಮಲಗಿ, ಬೆಳಗಿನ ಜಾವ ಐದಕ್ಕೆ ಎದ್ದು, ಟವರ್ ಖಾಲಿ ಇರುವ ಹೊತ್ತಿನಲ್ಲಿ ಕಿಟಕಿಯ ಪಕ್ಕ ಕುಳಿತು ಹಿಂದಿನ ರಾತ್ರಿಯ ಆಟವನ್ನು 720ಪಿಯಲ್ಲಿ ನೋಡಿದರು.