ಕಲಬುರಗಿಯಿಂದ ನೇಪಾಳಕ್ಕೆ: ಗಡಿ ದಾಟಿ ಲುಂಬಿನಿ, ಪೋಖರಾ, ಕಠ್ಮಂಡು ನೋಡಿ ಬರುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕಾಶಿ, ಪ್ರಯಾಗ, ಅಯೋಧ್ಯೆಗೆ ಹೊರಡುವವರು ಇತ್ತೀಚೆಗೆ ಅದೇ ಓಟದಲ್ಲಿ ನೇಪಾಳವನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಹೆಚ್ಚಿನ ತಂಡಗಳು ಗಡಿ ದಾಟಿದ ರಾತ್ರಿಯೇ ಬಸ್ಸಿನಲ್ಲಿ ಕಠ್ಮಂಡುವಿನತ್ತ ಧಾವಿಸಿ, ಪಶುಪತಿನಾಥನ ದರ್ಶನ ಮುಗಿಸಿ, ಲುಂಬಿನಿಯನ್ನು ಸಮಯ ಉಳಿದರೆ ನೋಡೋಣವೆಂದು ಕೊನೆಗೆ ಇಟ್ಟುಕೊಳ್ಳುತ್ತವೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಸಲಹೆ. ಭೂಮಾರ್ಗವಾಗಿ ಗಡಿ ದಾಟಿ ಮೊದಲು ಲುಂಬಿನಿ, ಆಮೇಲೆ ಪೋಖರಾ, ಕೊನೆಗೆ ಕಠ್ಮಂಡು ನೋಡಿ, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಬಂದರೆ ಘಾಟಿ ರಸ್ತೆಗಳ ಪ್ರಯಾಣವೆಲ್ಲ ಹಗಲಿನಲ್ಲೇ ಮುಗಿಯುತ್ತದೆ, ಹೋದ ದಾರಿಯಲ್ಲೇ ಮರಳುವ ದಣಿವೂ ತಪ್ಪುತ್ತದೆ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ; ಎರಡೂ ದೇಶಗಳ ನಡುವಿನ 1950ರ ಒಪ್ಪಂದದ ಕಾಲದಿಂದ ಗಡಿ ತೆರೆದೇ ಇದೆ. ಆದರೆ ವೀಸಾ ಬೇಡವೆಂದ ಮಾತ್ರಕ್ಕೆ ದಾಖಲೆಯೂ ಬೇಡವೆಂದು ಭಾವಿಸಬಾರದು. ವಿಮಾನದಲ್ಲಿ ಹೋಗುವ ಅಥವಾ ಬರುವ ವಯಸ್ಕರಿಗೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು, ಅದೂ ಮೂಲ ಪ್ರತಿ. ಮೊಬೈಲಿನಲ್ಲಿರುವ ಚಿತ್ರವನ್ನು ನಂಬಿಕೊಂಡು ಹೊರಡಬಾರದು. ಎಲ್ಲ ಕಡೆ ನಡೆಯುವ ಆಧಾರ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ವರ್ಷ ದಾಟಿದ ಹಿರಿಯರಿಗೆ ಮಾತ್ರ ಭಾವಚಿತ್ರವಿರುವ ಇತರ ಗುರುತಿನ ದಾಖಲೆಗಳ ವಿನಾಯಿತಿ ಇದೆ. ವಿಮಾನದ ಟಿಕೆಟ್ಟಿನಲ್ಲಿ ಹೆಸರನ್ನು ನೀವು ತೋರಿಸಲಿರುವ ದಾಖಲೆಯಲ್ಲಿರುವಂತೆಯೇ ಅಕ್ಷರ ಅಕ್ಷರ ಬರೆಸಬೇಕು. ನಮ್ಮ ಭಾಗದಲ್ಲಿ ಒಂದು ಕಾರ್ಡಿನಲ್ಲಿ ಮಲ್ಲಿಕಾರ್ಜುನಪ್ಪ, ಇನ್ನೊಂದರಲ್ಲಿ ಮಲ್ಲಿಕಾರ್ಜುನ, ಮೂರನೆಯದರಲ್ಲಿ ತಂದೆಯ ಹೆಸರು ಮೊದಲು ಬಂದು ಮನೆತನದ ಹೆಸರು ಕೊನೆಗೆ, ಹೀಗೆ ಒಬ್ಬನೇ ಮನುಷ್ಯ ಮೂವರಾಗಿರುವುದು ಸಾಮಾನ್ಯ; ಊರಿನಲ್ಲಿ ಇದು ನಡೆದುಹೋಗುತ್ತದೆ, ವಲಸೆ ಅಧಿಕಾರಿಯ ಮುಂದೆ ನಡೆಯುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವ ಮನಸ್ಸಿದ್ದರೆ ಕಲಬುರಗಿಯಲ್ಲೇ ಸೇವಾ ಕೇಂದ್ರವಿದೆ; ಪ್ರಯಾಣಕ್ಕೆ ಕೆಲವು ತಿಂಗಳ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು.

ಕಾಲದ ಆಯ್ಕೆಯಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವುದು ದಸರಾ ರಜೆಯ ವಿಷಯದಲ್ಲಿ. ಮಳೆ ನಿಂತು ಆಕಾಶ ತಿಳಿಯಾಗುವ ಅಕ್ಟೋಬರ್ ಮತ್ತು ನವೆಂಬರ್ ಹಿಮಾಲಯ ನೋಡಲು ಅತ್ಯುತ್ತಮ ಕಾಲವೆಂಬುದು ನಿಜ. ಆದರೆ ನೇಪಾಳಿಗರ ಅತಿ ದೊಡ್ಡ ಹಬ್ಬವಾದ ದಶೈಂ ಕೂಡ ನಮ್ಮ ನವರಾತ್ರಿಯ ಹೊತ್ತಿಗೇ ಬರುತ್ತದೆ. ಆ ದಿನಗಳಲ್ಲಿ ಕಠ್ಮಂಡುವಿನ ಜನ ತಂತಮ್ಮ ಊರುಗಳಿಗೆ ಹೊರಡುವುದರಿಂದ ಬಸ್ಸುಗಳಲ್ಲಿ ಜಾಗ ಸಿಗುವುದಿಲ್ಲ, ಅಂಗಡಿ, ಕಚೇರಿಗಳು ಮುಚ್ಚಿರುತ್ತವೆ. ಹಬ್ಬ ಮುಗಿದು ಒಂದು ವಾರ ಕಳೆದ ಮೇಲೆ ಹೋಗಬಹುದು, ಇಲ್ಲವೇ ಮಾರ್ಚ್, ಏಪ್ರಿಲ್ ಆರಿಸಿಕೊಳ್ಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿತದ ಭಯವಿರುತ್ತದೆ. 2024ರ ಜುಲೈನಲ್ಲಿ ನಾರಾಯಣಗಢ ಮತ್ತು ಮುಗ್ಲಿಂಗ್ ನಡುವಿನ ರಸ್ತೆಯಲ್ಲಿ ಎರಡು ಬಸ್ಸುಗಳು ಕುಸಿದ ಮಣ್ಣಿನೊಂದಿಗೆ ತ್ರಿಶೂಲಿ ನದಿಯ ಪಾಲಾದವು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಗೋರಖ್‌ಪುರದ ಬಯಲಿನಲ್ಲಿ ಮಂಜು ದಟ್ಟವಾಗಿ ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ.

ಗಡಿ ತಲುಪುವ ಹೆಬ್ಬಾಗಿಲು ಗೋರಖ್‌ಪುರ. ಯಾದಗಿರಿ, ವಾಡಿ, ಕಲಬುರಗಿ ಮೂಲಕ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಭೋಪಾಲ್ ಅಥವಾ ಝಾನ್ಸಿಯಲ್ಲಿ ಇಳಿದರೆ, ಮುಂಬೈ ಕಡೆಯಿಂದ ಗೋರಖ್‌ಪುರಕ್ಕೆ ಹೋಗುವ ಕುಶಿನಗರ ಎಕ್ಸ್‌ಪ್ರೆಸ್‌ನಂಥ ರೈಲುಗಳು ಸಿಗುತ್ತವೆ. ಎರಡು ರೈಲುಗಳ ನಡುವೆ ಕನಿಷ್ಠ ಐದಾರು ಗಂಟೆಯ ಅಂತರ ಇಟ್ಟುಕೊಳ್ಳಬೇಕು; ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ ಆ ದಿನವೇ ಬೆಳಗ್ಗೆ ಟಿಕೆಟ್ ಮಾಡಿಸುವುದು ಕ್ಷೇಮ. ಬೀದರಿನವರು ಕಲಬುರಗಿಗೆ ಬಂದು ಹತ್ತಬಹುದು, ಇಲ್ಲವೇ ಹೈದರಾಬಾದ್ ಕಡೆಯಿಂದ ಹೊರಡುವ ರೈಲುಗಳನ್ನು ನೋಡಬಹುದು. ಕಾಶಿಯನ್ನೂ ಸೇರಿಸಿಕೊಳ್ಳುವವರಿಗೆ ಜಂಗಮವಾಡಿ ಮಠದಲ್ಲಿ ವಿಶ್ರಾಂತಿ ಪಡೆದು ಅಲ್ಲಿಂದ ಗೋರಖ್‌ಪುರಕ್ಕೆ ಹೋಗುವ ದಾರಿ ಸುಲಭವಾದದ್ದು. ಕಲಬುರಗಿ ಮತ್ತು ಬೀದರಿನ ವಿಮಾನ ಸೇವೆಗಳು ಆಗಾಗ ಆರಂಭವಾಗಿ ನಿಲ್ಲುತ್ತವಾದ್ದರಿಂದ ಅವುಗಳ ಮೇಲೆ ವಿದೇಶ ಪ್ರಯಾಣದ ಲೆಕ್ಕ ಹಾಕುವುದು ಬೇಡ.

ಗೋರಖ್‌ಪುರದಿಂದ ಸೋನೌಲಿ ಗಡಿಗೆ ಸುಮಾರು 100 ಕಿಲೋಮೀಟರ್. ರೈಲು ನಿಲ್ದಾಣದ ಎದುರಿನಿಂದಲೇ ಬಸ್ಸು ಮತ್ತು ಹಂಚಿಕೆಯ ಜೀಪುಗಳು ಹೊರಡುತ್ತವೆ. ಅಲ್ಲಿ ಮತ್ತು ಸೋನೌಲಿಯಲ್ಲಿ "ಕಠ್ಮಂಡು ಟೂರಿಸ್ಟ್ ಬಸ್" ಎಂದು ಕೈಹಿಡಿದು ಎಳೆಯುವ ದಲ್ಲಾಳಿಗಳು ಎದುರಾಗುತ್ತಾರೆ. ಅವರು ಮಾರುವ ಚೀಟಿಗೆ ಗಡಿಯ ಆಚೆ ಬೆಲೆ ಇರುತ್ತದೆಂಬ ಖಾತ್ರಿ ಇಲ್ಲದ್ದರಿಂದ ಈ ಕಡೆ ಯಾವ ಟಿಕೆಟ್ಟನ್ನೂ ಕೊಳ್ಳದೆ, ಕಮಾನಿನ ಕೆಳಗೆ ನಡೆದುಕೊಂಡೇ ಬೆಲಹಿಯಾ ಸೇರಿ ಅಲ್ಲಿ ವಿಚಾರಿಸಬೇಕು. ನಿಮ್ಮನ್ನು ಯಾರೂ ತಡೆಯದೆ ಇರಬಹುದು, ಗುರುತಿನ ಚೀಟಿ ಕೇಳಲೂಬಹುದು; ಚೀಲದ ತಳದಲ್ಲಿ ಹೂತಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಸ್ವಂತ ವಾಹನದಲ್ಲಿ ಹೋಗುವವರು ಮಾತ್ರ ಅಲ್ಲಿನ ಸುಂಕದ ಕಚೇರಿಯಲ್ಲಿ ಭಂಸಾರ್ ಎಂಬ ದಿನಲೆಕ್ಕದ ಶುಲ್ಕ ಕಟ್ಟಿ ರಸೀದಿ ಪಡೆಯಲೇಬೇಕು. ಗಡಿಯಾರವನ್ನು 15 ನಿಮಿಷ ಮುಂದೆ ತಿರುಗಿಸಿಕೊಳ್ಳಿ. ಬಸ್ಸು ಹಿಡಿಯುವಾಗ ಈ ಕಾಲು ಗಂಟೆ ಲೆಕ್ಕಕ್ಕೆ ಬರುತ್ತದೆ.

ಹಣದ ವಿಷಯವನ್ನು ತುಸು ವಿವರವಾಗಿ ಹೇಳಬೇಕು. 1993ರಿಂದ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ ನಿಗದಿಯಾಗಿ ಉಳಿದಿದೆ, ಆದ್ದರಿಂದ ಚೌಕಾಶಿಗೆ ಅಲ್ಲಿ ಜಾಗವಿಲ್ಲ. ಇದಕ್ಕಿಂತ ಗಮನಾರ್ಹವಾಗಿ ಕಡಿಮೆ ಕೊಡುವವನನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗಿ. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಈ ನಿಯಮ ಬದಲಾಗುತ್ತ ಬಂದಿರುವುದರಿಂದ ಹೊರಡುವ ಮುನ್ನ ಅದನ್ನು ಪರಿಶೀಲಿಸಬೇಕು. ಹೇಗಿದ್ದರೂ 100ರ ನೋಟುಗಳ ಕಟ್ಟೊಂದನ್ನು ಬ್ಯಾಂಕಿನಿಂದ ತಂದಿಟ್ಟುಕೊಂಡವರಿಗೆ ಯಾವ ತೊಡಕೂ ಇಲ್ಲ. ಗಡಿಯ ಪಟ್ಟಣಗಳಲ್ಲಿ ಎರಡೂ ನಾಣ್ಯಗಳು ಚಲಾವಣೆಯಲ್ಲಿರುವುದರಿಂದ ಬೆಲೆಯನ್ನು ಐಸಿ ಮತ್ತು ಎನ್‌ಸಿ ಎಂದು ಎರಡು ಬಗೆಯಲ್ಲಿ ಹೇಳುತ್ತಾರೆ. ಮೊದಲನೆಯದು ಭಾರತದ ರೂಪಾಯಿ, ಎರಡನೆಯದು ನೇಪಾಳದ್ದು. ರಿಕ್ಷಾದವನು ಬರೀ "ದೋ ಸೌ" ಎಂದರೆ ಹತ್ತುವ ಮೊದಲೇ "ಐಸಿ ಯಾ ಎನ್‌ಸಿ" ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು, ಇಳಿದ ಮೇಲೆ ಕೇಳಿದರೆ ಉತ್ತರ ಯಾವಾಗಲೂ ಐಸಿಯೇ ಆಗಿರುತ್ತದೆ. 2024ರ ಮಾರ್ಚ್‌ನಿಂದ ಫೋನ್‌ಪೇ ಎಂಬ ನೇಪಾಳಿ ಜಾಲದ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಇದು ನಮ್ಮಲ್ಲಿರುವ ಅದೇ ಉಚ್ಚಾರದ ಕಂಪನಿಗಿಂತ ಬೇರೆಯದು. ಆದರೆ ನೆಟ್‌ವರ್ಕ್ ಇಲ್ಲದ ಗುಡ್ಡದ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ನಗದೇ ಗತಿ. ಎನ್‌ಸೆಲ್ ಅಥವಾ ನೇಪಾಳ್ ಟೆಲಿಕಾಂ ಸಿಮ್ ಪಡೆಯಲು ಗುರುತಿನ ಚೀಟಿಯ ಜೊತೆ ಒಂದೆರಡು ಭಾವಚಿತ್ರಗಳಿರಲಿ.

ಬೆಲಹಿಯಾದಿಂದ ಕೆಲವೇ ಕಿಲೋಮೀಟರ್ ದೂರದ ಭೈರಹವಾ, ಅಲ್ಲಿಂದ ಸುಮಾರು 22 ಕಿಲೋಮೀಟರ್ ಲುಂಬಿನಿ. ನಮ್ಮ ಜಿಲ್ಲೆಯವರಿಗೆ ಇಲ್ಲಿನ ಅಶೋಕ ಸ್ತಂಭ ಬೇರೆಯವರಿಗಿಂತ ಹತ್ತಿರದ್ದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಅಶೋಕನ ಶಾಸನ ದೊರೆತಿದೆ; ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪದಲ್ಲಿ "ರಾಯೋ ಅಸೋಕೋ" ಎಂಬ ಬರಹದ ಸಮೇತ ಅವನ ಚಿತ್ರವೇ ಇದೆ. ಅದೇ ದೊರೆ ಪಟ್ಟಾಭಿಷೇಕವಾಗಿ 20 ವರ್ಷವಾದಾಗ ತಾನೇ ಇಲ್ಲಿಗೆ ಬಂದು, ಬುದ್ಧ ಹುಟ್ಟಿದ ಊರೆಂದು ಅದರ ತೆರಿಗೆಯನ್ನು ಇಳಿಸಿದೆನೆಂದು ಲುಂಬಿನಿಯ ಕಂಬದ ಮೇಲೆ ಬ್ರಾಹ್ಮಿಯಲ್ಲಿ ಬರೆಸಿದ್ದಾನೆ. ಅಕ್ಷರಗಳು ಕಂಬದ ಕೆಳಭಾಗದಲ್ಲಿ, ಬೇಲಿಯಾಚೆಯಿಂದಲೂ ಓದುವಷ್ಟು ಸ್ಪಷ್ಟವಾಗಿವೆ. ಹೊರಡುವ ಮುನ್ನ ಒಂದು ಭಾನುವಾರ ಸನ್ನತಿಗೆ ಹೋಗಿ ಬಂದವರಿಗೆ ಆ ಲಿಪಿಯ ಗುರುತು ಹತ್ತುತ್ತದೆ. ಪಕ್ಕದ ಮಾಯಾದೇವಿ ಮಂದಿರದೊಳಗೆ ಚಪ್ಪಲಿಯೂ ಕ್ಯಾಮೆರಾವೂ ನಿಷಿದ್ಧ. ಅಲ್ಲಿಂದ ಉತ್ತರಕ್ಕೆ ಕಾಲುವೆಯುದ್ದಕ್ಕೂ ಹಬ್ಬಿರುವ ವಿವಿಧ ದೇಶಗಳ ವಿಹಾರಗಳನ್ನು ನಡೆದು ನೋಡುವುದು ಕಷ್ಟ. ಬಾಡಿಗೆ ಸೈಕಲ್ ಅಥವಾ ಇ-ರಿಕ್ಷಾ ಹಿಡಿದು ಒಂದು ಪೂರ್ಣ ದಿನ ಕೊಡಬೇಕು. ಕಲಬುರಗಿಯ ಬುದ್ಧವಿಹಾರಕ್ಕೆ ನಡೆದುಕೊಳ್ಳುವ ಕುಟುಂಬಗಳು ಎರಡು ದಿನ ನಿಂತು, ಕಪಿಲವಸ್ತುವೆಂದು ಗುರುತಿಸಲಾಗಿರುವ ತಿಲೌರಾಕೋಟನ್ನೂ ನೋಡಿ ಬರಬಹುದು.

ಭೈರಹವಾದಿಂದ ಪೋಖರಾಕ್ಕೆ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಬೇಕು. ಪಾಲ್ಪಾದ ಮೂಲಕ ಹೋಗುವ ಸಿದ್ಧಾರ್ಥ ಹೆದ್ದಾರಿ 200 ಕಿಲೋಮೀಟರಿಗಿಂತ ಕಡಿಮೆಯಾದರೂ ಇಡೀ ಹಗಲನ್ನು ತಿನ್ನುತ್ತದೆ. ಬಯಲುಸೀಮೆಯ ನಮಗೆ ಕಿಲೋಮೀಟರ್ ನೋಡಿ ಗಂಟೆ ಎಣಿಸುವ ರೂಢಿಯಿದೆ, ಅದನ್ನು ಗಡಿಯಲ್ಲೇ ಬಿಟ್ಟು ಬರಬೇಕು. ಪೋಖರಾದಲ್ಲಿ ಬೆಳಗಿನ ಜಾವ ಸಾರಂಗಕೋಟ್ ಗುಡ್ಡ ಹತ್ತಿದರೆ 6,993 ಮೀಟರ್ ಎತ್ತರದ ಮಚ್ಛಪುಚ್ಛ್ರೆ ಶಿಖರ ಎದುರಿಗೇ ನಿಲ್ಲುತ್ತದೆ, ಹೊತ್ತೇರಿದಂತೆ ಮೋಡ ಕವಿಯುತ್ತದೆ.

ಅಲ್ಲಿಂದ ಮುಕ್ತಿನಾಥಕ್ಕೆ ಹೋಗುವ ಹಂಬಲ ಹಿರಿಯರಿಗೆ ಸಹಜ. ಆದರೆ ಅದು ಸುಮಾರು 3,700 ಮೀಟರ್ ಎತ್ತರದಲ್ಲಿದೆ; ಬಿಪಿ, ಹೃದಯ ಅಥವಾ ಉಸಿರಾಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ಹೋಗುವವರು ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ತಂಗಿ ಮೈಯನ್ನು ಒಗ್ಗಿಸಿಕೊಳ್ಳಬೇಕು, ತಲೆನೋವು, ವಾಕರಿಕೆ ಹೆಚ್ಚಾದರೆ ದರ್ಶನದ ಆಸೆ ಬಿಟ್ಟು ಕೆಳಗಿಳಿಯಬೇಕು. ಜೋಮ್‌ಸೋಮ್‌ನ ಸಣ್ಣ ವಿಮಾನಗಳು ಗಾಳಿಯ ಕಾರಣದಿಂದ ಬೆಳಗ್ಗೆ ಮಾತ್ರ ಹಾರುತ್ತವೆ, ರದ್ದಾಗುವುದೂ ಉಂಟು. ನೇಪಾಳದ ಒಳನಾಡಿನ ವಿಮಾನಗಳಲ್ಲಿ ಭಾರತೀಯರಿಗೆ ಇತರ ವಿದೇಶಿಯರಿಗಿಂತ ಕಡಿಮೆ ದರವಿದೆ. ಟಿಕೆಟ್ ಮಾಡಿಸುವಾಗ ಅದನ್ನು ಹೆಸರಿಟ್ಟು ಕೇಳಬೇಕು.

ಪೋಖರಾದಿಂದ ಕಠ್ಮಂಡು ಸುಮಾರು 200 ಕಿಲೋಮೀಟರ್. ಮುಂಜಾನೆ ಹೊರಡುವ ಟೂರಿಸ್ಟ್ ಬಸ್ಸುಗಳೇ ಲೇಸು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಅದರಲ್ಲೂ ಹೆಚ್ಚಾಗಿ ನಮ್ಮ ಕರಾವಳಿ ಕಡೆಯವರು. ಹಾಗೆಂದು ಕನ್ನಡ ಮಾತಾಡಿ ಸಾಲು ತಪ್ಪಿಸಿಕೊಳ್ಳುವ ಯೋಚನೆ ಬೇಡ. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ. ಹಿಂದೂಗಳಲ್ಲದವರಿಗೆ ಮುಖ್ಯ ಗುಡಿಯೊಳಗೆ ಪ್ರವೇಶವಿಲ್ಲವೆಂಬುದನ್ನು ಬೇರೆ ಧರ್ಮದ ಗೆಳೆಯರನ್ನು ಕರೆದೊಯ್ಯುವವರು ಮೊದಲೇ ಹೇಳಿರಬೇಕು. ಸ್ವಯಂಭೂನಾಥ, ಬೌದ್ಧನಾಥಗಳಿಗೆ ಒಂದು ದಿನ, ಭಕ್ತಪುರಕ್ಕೆ ಇನ್ನೊಂದು ದಿನ ಸಾಕು. ಭಕ್ತಪುರದಲ್ಲಿ ಹಳೆಯ ಜಂಗಮ ಮಠವೊಂದಿದೆ, ಪ್ರವಾಸಿ ತಂಡಗಳು ಅತ್ತ ಸುಳಿಯುವುದು ಕಡಿಮೆ. ಪ್ರವೇಶ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇರುವುದರಿಂದ ಗುರುತಿನ ಚೀಟಿ ತೋರಿಸಿ. ನಗರದೊಳಗೆ ಓಡಾಡಲು ಪಠಾವೋ, ಇನ್‌ಡ್ರೈವ್ ಆ್ಯಪ್‌ಗಳಿದ್ದರೆ ಟ್ಯಾಕ್ಸಿಯವರೊಡನೆ ವಾದ ತಪ್ಪುತ್ತದೆ. ತೊಂದರೆಯಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1144.

ಭಾಷೆಯ ಕಷ್ಟವಿಲ್ಲ, ಕಲಬುರಗಿಯ ಬಜಾರಿನ ಹಿಂದಿ ಸಾಕು. ಊಟಕ್ಕೆ ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ, ಅನ್ನ, ಬೇಳೆ, ಪಲ್ಯವನ್ನು ಮತ್ತೆ ಮತ್ತೆ ಬಡಿಸುತ್ತಾರೆ. ಗೋಹತ್ಯೆ ನಿಷಿದ್ಧವಾದ ದೇಶವಾದರೂ ಮೋಮೋದಲ್ಲಿ ಎಮ್ಮೆಯ ಮಾಂಸ ಸಾಮಾನ್ಯ. ಸಸ್ಯಾಹಾರಿಗಳು "ಭೆಜ್" ಎಂದು ಎರಡು ಸಲ ಹೇಳಿ ತರಿಸಿಕೊಳ್ಳಬೇಕು. ರೈಲಿನ ಎರಡು ರಾತ್ರಿಗಳಿಗೂ ಗುಡ್ಡದ ಬಸ್ಸುಗಳಿಗೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಕೆಡುವ ಭಯವಿಲ್ಲ.

ಮರಳುವ ವಿಮಾನಕ್ಕೆ ಮೊದಲು ಕಠ್ಮಂಡುವಿನಲ್ಲಿ ಒಂದು ದಿನವನ್ನು ಖಾಲಿ ಬಿಡಿ. 2025ರ ಸೆಪ್ಟೆಂಬರ್‌ನ ಪ್ರತಿಭಟನೆಗಳ ವೇಳೆ ವಿಮಾನ ನಿಲ್ದಾಣವೇ ಮುಚ್ಚಿತ್ತು; ಗುಡ್ಡ ಕುಸಿದು ರಸ್ತೆ ನಿಲ್ಲುವುದಂತೂ ಇದ್ದದ್ದೇ. ಉಳಿದ ನೇಪಾಳಿ ರೂಪಾಯಿಗಳನ್ನು ಅಲ್ಲೇ ಬದಲಿಸಿಕೊಳ್ಳಿ, ಊರಿನಲ್ಲಿ ಅವನ್ನು ಕೊಳ್ಳುವವರಿಲ್ಲ. ದೆಹಲಿಗೆ ಸುಮಾರು ಒಂದೂಮುಕ್ಕಾಲು ಗಂಟೆಯ ಹಾರಾಟ; ಬಲಬದಿಯ ಕಿಟಕಿ ಕೇಳಿ ಪಡೆದರೆ ತಿಳಿ ಆಕಾಶದಲ್ಲಿ ಹಿಮದ ಸಾಲು ಬಹುದೂರ ಜೊತೆಗಿರುತ್ತದೆ. ದೆಹಲಿ ವಿಮಾನ ನಿಲ್ದಾಣದಿಂದ ಏರ್‌ಪೋರ್ಟ್ ಮೆಟ್ರೋ ನೇರವಾಗಿ ನವದೆಹಲಿ ರೈಲು ನಿಲ್ದಾಣದ ಅಜ್ಮೇರಿ ಗೇಟ್ ಬದಿಗೆ ತಲುಪಿಸುತ್ತದೆ. ವಿಮಾನ ಇಳಿಯುವ ಹೊತ್ತಿಗೂ ಕರ್ನಾಟಕ ಎಕ್ಸ್‌ಪ್ರೆಸ್ ಹೊರಡುವ ಹೊತ್ತಿಗೂ ನಡುವೆ ಕನಿಷ್ಠ ಐದು ಗಂಟೆ ಇರುವಂತೆ ನೋಡಿಕೊಂಡು ಟಿಕೆಟ್ ಮಾಡಿಸಿ.